ನಿವೃತ್ತಿಗೆ ಯಾವ ಕಾರು? ವ್ಯಾಗನ್‌ಆರ್, ಅಮೇಜ್, ಪಂಚ್ ಓಡಿಸಿ ನೋಡಿದ ಮೇಲೆ

ಸರ್ಕಾರಿ ನೌಕರಿಯಲ್ಲಿ 60ಕ್ಕೆ ನಿವೃತ್ತಿ. ಆಗ ತಗೊಂಡ ಪೆಟ್ರೋಲ್ ಕಾರಿನ ಆರ್‌ಸಿ 15 ವರ್ಷ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ನನಗೆ 75. ಆಮೇಲೂ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬಹುದು, ಆದರೆ ಅಷ್ಟು ಹೊತ್ತಿಗೆ ಸ್ಟಿಯರಿಂಗ್ ಹಿಡಿಯುವ ಆಸೆ ನನಗೇ ಇರುತ್ತೋ ಇಲ್ಲವೋ. ಹಾಗಾಗಿ ಇದು ನಾನು ಕೊಳ್ಳುವ ಕೊನೆಯ ಕಾರು ಅಂತಲೇ ಲೆಕ್ಕ ಹಾಕಿ ಹುಡುಕಲು ಹೊರಟೆ.

ನಮ್ಮ ಮನೆಯಲ್ಲಿ ಕಾರು ಓಡಿಸುವುದು ನಾನೇ. ನಮ್ಮನೆಯವರಿಗೆ ಬಲಗಾಲಿನ ಮಂಡಿ ನೋವು. ಅತ್ತೆಗೆ 80 ದಾಟಿದೆ. ದಾವಣಗೆರೆ ಊರೊಳಗಿನ ಓಡಾಟ, ಬಾಪೂಜಿ ಆಸ್ಪತ್ರೆ, ಸಂತೇಬೆನ್ನೂರು ಕಡೆ ಇರುವ ಅಡಿಕೆ ತೋಟ, ಆಗಾಗ ಚಿತ್ರದುರ್ಗದ ನಾದಿನಿ ಮನೆ. ಮಗಳು ಬೆಂಗಳೂರಲ್ಲಿದ್ದಾಳೆ, ಆದರೆ ಅಲ್ಲಿಗೆ ನಾವು ರೈಲಿನಲ್ಲೇ ಹೋಗುತ್ತೇವೆ. 2023ರಲ್ಲಿ ಧಾರವಾಡ–ಬೆಂಗಳೂರು ವಂದೇ ಭಾರತ್ ಶುರುವಾಯಿತು, ಅದು ದಾವಣಗೆರೆಯಲ್ಲೂ ನಿಲ್ಲುತ್ತದೆ. ಸುಮ್ನೆ 260 ಕಿಲೋಮೀಟರ್ ಲಾರಿಗಳ ನಡುವೆ ಓಡಿಸಿ ಸುಸ್ತಾಗುವುದು ಯಾಕೆ? ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನನ್ನ ತೀರ್ಮಾನಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ಕೆಲವನ್ನು ನೋಡುವ ಮುಂಚೆಯೇ ಬಿಟ್ಟೆ. ಡೀಸೆಲ್ ಬೇಡ ಅಂದೆ. ಬಿಎಸ್6, ಅಂದರೆ ಈಗಿನ ಹೊಗೆ ನಿಯಮಕ್ಕೆ ತಕ್ಕ ಹಾಗೆ ಮಾಡಿದ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಬೇಕಾದರೆ ಆಗಾಗ ಹೈವೇ ಮೇಲೆ ಒಂದೇ ಸಮ ಓಡಿಸಬೇಕು. ಮಂಡಿಪೇಟೆಗೂ ಮನೆಗೂ ಓಡಾಡುವವರಿಗೆ ಅದು ಆಗಿಬರುವುದಿಲ್ಲ. ಎಲೆಕ್ಟ್ರಿಕ್ ಬಗ್ಗೆ ಆಸೆ ಇತ್ತು. ಟಿಯಾಗೊ ಇವಿಯ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ. 15 ವರ್ಷ ಇಟ್ಟುಕೊಳ್ಳುವವರಿಗೆ ಅದು ಅರ್ಧ ದಾರಿ ಮಾತ್ರ. ಸಿಎನ್‌ಜಿ ಕಾರಿಗೆ ಒಂದು ಲಕ್ಷದ ಹತ್ತಿರ ಹೆಚ್ಚು ಕೊಡಬೇಕು, ಜೊತೆಗೆ ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟ್. ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್ ಓಡಿಸುವವರಿಗೆ ಆ ದುಡ್ಡು ವಾಪಸ್ ಬರುವುದು ಬಹಳ ನಿಧಾನ.

ಕೊನೆಗೆ ಉಳಿದದ್ದು ಮೂರು: ಮಾರುತಿ ವ್ಯಾಗನ್‌ಆರ್ 1.2, ಹೋಂಡಾ ಅಮೇಜ್, ಟಾಟಾ ಪಂಚ್. ಮೂರೂ 4 ಮೀಟರ್ ಒಳಗಿನವು, ಎಂಜಿನ್ 1200 ಸಿಸಿ ಒಳಗೆ. ಹಾಗಾಗಿ 2025ರ ಸೆಪ್ಟೆಂಬರ್ 22ರಿಂದ ಮೂರಕ್ಕೂ ಜಿಎಸ್‌ಟಿ 18%. ಮೂರರಲ್ಲೂ ಕ್ಲಚ್ ಇಲ್ಲದ್ದನ್ನೇ ನೋಡಿದೆ. ಪಿ.ಬಿ. ರಸ್ತೆಯ ಸಿಗ್ನಲ್‌ಗಳಲ್ಲಿ ಇನ್ನು 15 ವರ್ಷ ಎಡಗಾಲು ಕ್ಲಚ್ ತುಳಿಯುವುದು ನನಗೆ ಬೇಡ.

ಶೋರೂಮಿಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ನೀವೂ ಹಾಗೇ ಮಾಡಿ. ಮನೆಯಲ್ಲಿ ಯಾರಿಗೆ ಮಂಡಿ ನೋವಿದೆಯೋ ಅವರು ಹತ್ತಿ ಇಳಿದು ನೋಡದೆ ಬುಕ್ ಮಾಡಲೇಬೇಡಿ. ವಯಸ್ಸಾದವರು ಕಾರಿನೊಳಗೆ ನಮ್ಮ ಹಾಗೆ ಕಾಲು ಮೊದಲಿಟ್ಟು ಹತ್ತುವುದಿಲ್ಲ. ಅತ್ತೆ ಬೆನ್ನು ತಿರುಗಿಸಿ ನಿಂತು, ಒಂದು ಕೈಯಲ್ಲಿ ಬಾಗಿಲು ಹಿಡಿದು, ಮೊದಲು ಸೀಟಿನ ಮೇಲೆ ಕೂರುತ್ತಾರೆ. ಆಮೇಲೆ ಸೀರೆಯ ನೆರಿಗೆ ಒಟ್ಟು ಮಾಡಿಕೊಂಡು ಒಂದೊಂದೇ ಕಾಲು ಒಳಗೆ ಎಳೆದುಕೊಳ್ಳುತ್ತಾರೆ. ಆಗ ಸೀಟು ಮಂಡಿಗಿಂತ ತಗ್ಗಿದ್ದರೆ ಧೊಪ್ಪಂತ ಬೀಳುತ್ತಾರೆ. ತೀರಾ ಎತ್ತರ ಇದ್ದರೆ ಏರಲಿಕ್ಕೇ ಆಗುವುದಿಲ್ಲ.

ಅಮೇಜ್ ಸೆಡಾನ್, ಸೀಟು ತಗ್ಗು. ಕೂತ ಮೇಲೆ ಆರಾಮ, ಹಿಂದೆ ಕಾಲು ಚಾಚಲು ಜಾಗವೂ ಚೆನ್ನಾಗಿದೆ. ಆದರೆ ಅತ್ತೆ ಕೂತ ಕೂಡಲೇ ಹೇಳಿಬಿಟ್ಟರು: "ಇದ್ರಾಗೆ ಕುಂತ್ರೆ ಏಳಾಕೆ ಒಬ್ರು ಕೈ ಹಿಡೀಬೇಕು ನೋಡವ್ವಾ." ಪಂಚ್‌ನ ಬಾಗಿಲು 90 ಡಿಗ್ರಿ ತೆರೆಯುತ್ತದೆ, ಅದು ತುಂಬಾ ಒಳ್ಳೆಯದು. ನಮ್ಮನೆಯವರು ಸಲೀಸಾಗಿ ಹತ್ತಿದರು. ಅತ್ತೆ ಗಿಡ್ಡ, ಅವರಿಗೆ ಅದು ಒಂದು ಮೆಟ್ಟಿಲು ಹೆಚ್ಚಾಯಿತು. ವ್ಯಾಗನ್‌ಆರ್ ಸೀಟು ಹೆಚ್ಚುಕಮ್ಮಿ ನಮ್ಮ ಊಟದ ಕುರ್ಚಿಯ ಎತ್ತರಕ್ಕೇ ಇದೆ. ಛಾವಣಿಯೂ ಎತ್ತರ, ತಲೆ ಬಗ್ಗಿಸುವ ಕೆಲಸ ಇಲ್ಲ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಕೂತರು, ಎದ್ದರು.

ಓಡಿಸುವುದರಲ್ಲಿ ಅಮೇಜ್‌ಗೇ ಮೊದಲ ಸ್ಥಾನ ಕೊಡುತ್ತೇನೆ, ಇದರಲ್ಲಿ ಎರಡು ಮಾತಿಲ್ಲ. ಅದರಲ್ಲಿರುವುದು ಸಿವಿಟಿ. ಒಳಗೆ ಗೇರುಗಳ ಬದಲು ಬೆಲ್ಟು, ಪುಲ್ಲಿ. ಗೇರ್ ಬದಲಾಗುವುದು ಗೊತ್ತೇ ಆಗುವುದಿಲ್ಲ. ಹರಿಹರದ ಕಡೆ ಹೈವೇ ಮೇಲೆ ಎಷ್ಟು ನಯವಾಗಿ ಹೋಯಿತು ಅಂದರೆ ಇಳಿಯಲು ಮನಸ್ಸಿರಲಿಲ್ಲ. ವ್ಯಾಗನ್‌ಆರ್, ಪಂಚ್ ಎರಡರಲ್ಲೂ ಇರುವುದು ಎಎಂಟಿ. ಅದು ಮಾಮೂಲಿ ಕ್ಲಚ್ಚು, ಮಾಮೂಲಿ ಗೇರ್‌ಬಾಕ್ಸೇ. ನಮ್ಮ ಕಾಲು, ಕೈ ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ಕಾರು ಒಂದು ಕ್ಷಣ ತಡೆದ ಹಾಗೆ ಆಗುತ್ತದೆ. ಆ ಹೊತ್ತಿಗೆ ಆಕ್ಸಿಲರೇಟರ್‌ನಿಂದ ಕಾಲನ್ನು ಸ್ವಲ್ಪ ಸಡಿಲ ಬಿಟ್ಟರೆ ಅದೂ ಇಲ್ಲ. ಚೌಕಿಪೇಟೆಯಲ್ಲಿ ಲಾರಿ, ಕೈಗಾಡಿಗಳ ಸಂದಿಯಲ್ಲಿ ಓಡಿಸಿದಾಗ ನನಗೆ ಇದು ಬೇಗ ರೂಢಿಯಾಯಿತು. ಪಂಚ್‌ನ ನಿಜವಾದ ಬಲ ಗೊತ್ತಾಗಿದ್ದು ತೋಟದ ದಾರಿಯಲ್ಲಿ. ಚಕ್ರದ ಗುಂಡಿ, ನಡುವೆ ಎದ್ದ ಮಣ್ಣಿನ ದಿಬ್ಬ, ಯಾವುದಕ್ಕೂ ತಳ ತಾಗಲಿಲ್ಲ.

ಇನ್ನು ಹತ್ತು ವರ್ಷದ ಮೇಲಿನ ರಿಪೇರಿ. ನಮಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ನೇರವಾಗಿ ಹೇಳಿದರು, ಎಎಂಟಿಯ ಕ್ಲಚ್ ಪ್ಲೇಟ್ ಸವೆದರೆ ಬದಲಿಸುವುದು ಹೊಸ ವಿದ್ಯೆಯೇನಲ್ಲ, ಆದರೆ ಸಿವಿಟಿ ಕೆಟ್ಟರೆ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಬೇಕು, ಖರ್ಚೂ ದೊಡ್ಡದು ಅಂತ. ಸಿವಿಟಿ ಸುಲಭಕ್ಕೆ ಕೆಡುವುದಿಲ್ಲ, ಅದರ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸುತ್ತಿದ್ದರೆ ಬಹಳ ಕಾಲ ಬರುತ್ತದೆ. ಆದರೂ ಪಿಂಚಣಿಯಲ್ಲಿ ಬದುಕುವಾಗ ಒಂದೇ ಸಲ ಬರುವ ದೊಡ್ಡ ಬಿಲ್ ನನಗೆ ಭಯ. ವ್ಯಾಗನ್‌ಆರ್ ಬಿಡಿಭಾಗ ನಮ್ಮೂರಲ್ಲಿ ಮಾತ್ರವಲ್ಲ, ಜಗಳೂರು, ಹಿರಿಯೂರಲ್ಲೂ ಸಿಗುತ್ತದೆ.

ಮೈಲೇಜ್ ಬಗ್ಗೆ ಎಲ್ಲರೂ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಕಂಪನಿ ಲೆಕ್ಕದಲ್ಲಿ ವ್ಯಾಗನ್‌ಆರ್ 1.2 ಎಎಂಟಿ ಲೀಟರಿಗೆ 24.43 ಕಿಲೋಮೀಟರ್, ಅಮೇಜ್ ಸಿವಿಟಿ 19.46. ಊರೊಳಗೆ 18 ಮತ್ತು 14 ಅಂತ ಹಿಡಿಯಿರಿ. ಈಗಿನ ಪೆಟ್ರೋಲಿನಲ್ಲಿ 20% ಎಥೆನಾಲ್ ಬೇರೆ ಇರುತ್ತದೆ, ಅದರಲ್ಲಿ ಶಕ್ತಿ ಕಡಿಮೆ. ವರ್ಷಕ್ಕೆ 7,000 ಕಿಲೋಮೀಟರ್ ಓಡಿಸಿದರೆ ಒಂದಕ್ಕೆ 389 ಲೀಟರ್, ಇನ್ನೊಂದಕ್ಕೆ 500. ಲೀಟರಿಗೆ 103 ರೂಪಾಯಿ ಅಂದರೂ ವ್ಯತ್ಯಾಸ ವರ್ಷಕ್ಕೆ 11 ಸಾವಿರ ಚಿಲ್ಲರೆ. ತಿಂಗಳಿಗೆ ಸಾವಿರವೂ ಇಲ್ಲ. ಕೊಳ್ಳುವಾಗಿನ ಬೆಲೆಯ ವ್ಯತ್ಯಾಸ ಇದಕ್ಕಿಂತ ದೊಡ್ಡದು, ಅಲ್ವಾ?

ಸುರಕ್ಷತೆಯ ಮಾತು ಬಂದಾಗ ನನಗೆ ನಿಜಕ್ಕೂ ಕಷ್ಟವಾಯಿತು. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಪಂಚ್‌ಗೆ 2021ರಲ್ಲಿ ದೊಡ್ಡವರ ರಕ್ಷಣೆಗೆ 5 ಸ್ಟಾರ್ ಬಂತು. ವ್ಯಾಗನ್‌ಆರ್‌ಗೆ 2023ರಲ್ಲಿ ಒಂದೇ ಸ್ಟಾರ್. ಆಗ ಎರಡು ಏರ್‌ಬ್ಯಾಗ್ ಇತ್ತು, 2025ರಿಂದ ಎಲ್ಲ ಮಾದರಿಗೂ ಆರು ಕೊಡುತ್ತಿದ್ದಾರೆ. ಏರ್‌ಬ್ಯಾಗ್ ಹೆಚ್ಚಾದ ಮಾತ್ರಕ್ಕೆ ಕಾರಿನ ಮೈ ಗಟ್ಟಿಯಾಗುವುದಿಲ್ಲ, ಅದು ನನಗೆ ಗೊತ್ತು. ನೀವು ತಿಂಗಳು ತಿಂಗಳು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಬೆಂಗಳೂರಿಗೋ ಹುಬ್ಬಳ್ಳಿಗೋ ಓಡಿಸುವವರಾದರೆ ವ್ಯಾಗನ್‌ಆರ್ ತಗೊಳ್ಳಬೇಡಿ, ಪಂಚ್ ತಗೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ.

ನಾವು ಬುಕ್ ಮಾಡಿದ್ದು ವ್ಯಾಗನ್‌ಆರ್ 1.2 ಎಎಂಟಿ. ದೂರದ ಊರಿಗೆ ರೈಲು, ಊರೊಳಗೆ 40–50ರ ವೇಗ, ದಿನಾ ಹತ್ತಿ ಇಳಿಯುವ ಅತ್ತೆ. ನಮ್ಮ ಮನೆಗೆ ಇದೇ ಸರಿ. ಹಿಂದಿನ ಸೀಟಿಗೆ ಬೇರೆ ಎಸಿ ಕಿಂಡಿ ಇಲ್ಲ. ನಮ್ಮೂರ ಏಪ್ರಿಲ್ ಬಿಸಿಲಿಗೆ ಅದು ಕೊರತೆಯೇ, ಹಾಗಾಗಿ ಅತ್ತೆಗೆ ಮುಂದಿನ ಸೀಟು. ಬಣ್ಣ ಬಿಳಿ, ಅದೂ ಬಿಸಿಲಿಗಾಗಿಯೇ.

ಕಡಿಮೆ ಓಡುವ ಕಾರು ಕಿಲೋಮೀಟರಿಗಿಂತ ವಯಸ್ಸಿನಿಂದ ಹಾಳಾಗುತ್ತದೆ. ಇಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಿ, ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ. ಬ್ಯಾಟರಿ ಇಳಿಯದಂತೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಡೆಲಿವರಿ ದಿನ ಟೈರಿನ ಪಕ್ಕದಲ್ಲಿ ಬಗ್ಗಿ ನೋಡಿ, ನಾಲ್ಕು ಅಂಕಿ ಇರುತ್ತವೆ. 3525 ಅಂದರೆ 2025ರ 35ನೇ ವಾರ ತಯಾರಾದದ್ದು. ಸ್ಟೆಪ್ನಿಯನ್ನೂ ಸೇರಿಸಿ ಐದೂ ಟೈರ್ ನೋಡಿ. ತೀರಾ ಹಳೆಯದಿದ್ದರೆ ಸಹಿ ಹಾಕುವ ಮುಂಚೆಯೇ ಬದಲಿಸಿಕೊಡಿ ಅಂತ ಕೇಳಿ.