ಮಲೆನಾಡಿನ ಮಳೆಗೆ ಕೋವಿಯ ಯಾವ ತೋಟಾ?

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಇರುವುದು ಅಜ್ಜನ ಕಾಲದ, ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ, ಹನ್ನೆರಡು ಬೋರಿನ ಜೋಡಿ ನಳಿಗೆಯ ಕೋವಿ. ಅಡಿಕೆ ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲು ಆಗೊಮ್ಮೆ ಈಗೊಮ್ಮೆ ಒಂದು ಈಡು ಹಾರಿಸುವುದಷ್ಟೇ ಅದರ ಕೆಲಸ. ಮೊದಲು ತಂದ ಕಾಗದದ ಕವಚದ ತೋಟಾಗಳು ಆಷಾಢದ ಥಂಡಿಗೆ ಬೀರುವಿನೊಳಗೇ ಉಬ್ಬಿ, ಒಂದಂತೂ ನಳಿಗೆಯಲ್ಲಿ ಅರ್ಧಕ್ಕೆ ಸಿಕ್ಕಿಕೊಂಡದ್ದರಿಂದ, ಕಳೆದೆರಡು ಮಳೆಗಾಲ ಪ್ಲಾಸ್ಟಿಕ್ ಕವಚದವನ್ನೇ ಬಳಸಿದ್ದೇನೆ. ಇವು ಒಂದೂ ಉಬ್ಬಿಲ್ಲ, ಒಂದೂ ಹುಸಿಯಾಗಿಲ್ಲ.

ಒಳಗಿರುವುದು ಹೊಗೆಯಿಲ್ಲದ ಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ನೈಟ್ರೋಸೆಲ್ಯುಲೋಸಿನಿಂದ ರೂಪಿಸಿದ ಮದ್ದಿನ ವಂಶದ್ದು. ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಯ ಕರಿಮದ್ದು ಸುಟ್ಟ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿಕೊಂಡು, ಒರೆಸದೆ ಬಿಟ್ಟರೆ ಬೆಳಗಾಗುವುದರೊಳಗೆ ನಳಿಗೆಗೆ ತುಕ್ಕು ಹತ್ತಿಸುತ್ತದೆ. ಇದರಲ್ಲಿ ಆ ಕಾಟ ಬಹಳ ಕಡಿಮೆ, ಆದರೂ ನಮ್ಮ ಹವೆಯಲ್ಲಿ ಅದೇ ಸಂಜೆ ಎಣ್ಣೆಬಟ್ಟೆ ಆಡಿಸುವುದನ್ನು ನಾನು ತಪ್ಪಿಸುವುದಿಲ್ಲ.

ಕೊಳ್ಳುವವರು ಮುಖ್ಯವಾಗಿ ನೋಡಬೇಕಾದದ್ದು ಉದ್ದವನ್ನು. ಇಂದು ಸಾಮಾನ್ಯವಾಗಿ ಸಿಗುವುದು 70 ಮಿಲಿಮೀಟರಿನ ತೋಟಾ, ನಮ್ಮ ಕೋವಿಯ ಚೇಂಬರ್, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು, ಇರುವುದು 65. ಪೆಟ್ಟಿಗೆಯ ಮೇಲೆ ಬರೆದಿರುವ ಅಳತೆ ಸಿಡಿದು ಬಾಯಿ ಬಿಚ್ಚಿಕೊಂಡ ಮೇಲಿನದು. ಸಿಡಿಯುವ ಮೊದಲು ಬಾಯಿ ಒಳಕ್ಕೆ ಮಡಿಚಿರುವುದರಿಂದ ಉದ್ದದ ತೋಟಾವೂ ಗಿಡ್ಡ ಚೇಂಬರಿನೊಳಗೆ ಸಲೀಸಾಗಿ ಕೂತುಬಿಡುತ್ತದೆ. ಸಿಡಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಮುಂದಿನ ಕಿರಿದಾದ ಕೊರಳಿನಲ್ಲಿ ಒತ್ತರಿಸಿ ದಾರಿ ಬಿಗಿಯುತ್ತದೆ, ಒತ್ತಡ ಏರುತ್ತದೆ. ಹಳೆಯ ನಳಿಗೆ ಅದನ್ನು ತಡೆಯುತ್ತದೆಂದು ನಂಬಿ ಪರೀಕ್ಷಿಸುವ ಧೈರ್ಯ ನನಗಿಲ್ಲ.

ಶಿವಮೊಗ್ಗದಲ್ಲಿ ನಾನು ಹೋಗುವ ಅಂಗಡಿಯವರು ಕೋವಿಯ ನಳಿಗೆಯ ಕೆಳಗಿನ ಮರದ ಹಿಡಿಯನ್ನು ಕಳಚಿ, ನಳಿಗೆಯ ಅಡಿಯಲ್ಲಿದ್ದ ‘ನೈಟ್ರೋ ಪ್ರೂಫ್’ ಮುದ್ರೆಯನ್ನು, ಅಂದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತನ್ನು, ಭೂತಗನ್ನಡಿಯಲ್ಲಿ ತೋರಿಸಿದರು. ಆ ಮುದ್ರೆಯಿಲ್ಲದೆ ಕರಿಮದ್ದಿಗಷ್ಟೇ ಪರೀಕ್ಷೆಯಾದ ಹಳೆಯ ನಳಿಗೆಗೆ ಈ ತೋಟಾ ಸಲ್ಲದು. ಬಳಿಕ ಚೇಂಬರ್ ಅಳೆದು, "ನಿಮ್ಮ ಅಳತೆಯದು ಸದ್ಯಕ್ಕಿಲ್ಲ, ಈ 70ರದ್ದನ್ನು ನಾನು ಕೊಡುವುದಿಲ್ಲ" ಎಂದು ಬರಿಗೈಲಿ ಕಳಿಸಿದರು. ಆ ದಿನ ಬಸ್ಸಿನ ಖರ್ಚು ನೆನೆದು ಸಿಟ್ಟು ಬಂದದ್ದು ನಿಜ. ಮೂರು ವಾರಗಳ ಮೇಲೆ 65ರದ್ದು ತರಿಸಿ, ಪರವಾನಗಿ ಪುಸ್ತಕದಲ್ಲಿ ಸಂಖ್ಯೆ ನಮೂದಿಸಿ ಕೊಟ್ಟರು.

ಬೆಲೆ ಕಾಗದದ್ದಕ್ಕಿಂತ ಹೆಚ್ಚು. ಇನ್ನೊಂದು ತಕರಾರೆಂದರೆ ಖಾಲಿ ಕವಚ ಮಣ್ಣಿನಲ್ಲಿ ಕರಗುವುದಿಲ್ಲ. ಹೋದ ವರ್ಷ ಹಾರಿಸಿದ ಒಂದು ಕೆಂಪು ಕವಚ ಮೊನ್ನೆ ಉದುರಡಿಕೆ ಹೆಕ್ಕುವಾಗ, ಬಣ್ಣವೂ ಮಾಸದೆ, ಹಾಗೆಯೇ ಸಿಕ್ಕಿತು.