ದೊಡ್ಡ ಟೈರು ಹಾಕಿಸಿದ ಮೇಲೆ ಟಿ.ವಿ. ಕೇಬಲ್‌ಗೆ ಕೈ ಹಾಕಬೇಡಿ

ಹಳೆಯ ಷೆವರ್ಲೆ ಪಿಕಪ್ ಇಟ್ಟುಕೊಂಡಿರುವವರು ಇದನ್ನು ಓದಿ. ನಾನು ಹೇಳುವ ಟಿ.ವಿ. ಕೇಬಲ್ ಮನೆಯ ಟಿ.ವಿ.ಯದಲ್ಲ, ಗಾಡಿಯ ಗೇರ್‌ಬಾಕ್ಸಿನದು. ಅಮೆರಿಕದಲ್ಲಿರುವ ನಮ್ಮವರಲ್ಲಿ ಈ ಹುಚ್ಚು ಹತ್ತಿಸಿಕೊಂಡವನು ನಾನೊಬ್ಬನೇ ಅಲ್ಲ ಎಂದು ಬಲ್ಲೆ. ನನಗೆ ಎರಡು ಸಾವಿರದ ನಾನೂರು ಡಾಲರ್ ಕೈಬಿಟ್ಟಿತು. ಹೆಂಡತಿ, ಮಗಳ ಮುಂದೆ ಮರ್ಯಾದೆ ಹೋದದ್ದು ಬೇರೆ ಲೆಕ್ಕ.

ನನ್ನದು 1986ರ ಸಿ-10. ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ, 700ಆರ್4 ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ರೇಷಿಯೊ 3.73, ಅಂದರೆ ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನ ಹಿಂದಿನ ಶಾಫ್ಟ್ 3.73 ಸುತ್ತು ತಿರುಗಬೇಕು. ಮೊದಲು 235/75 ಆರ್15 ಟೈರುಗಳಿದ್ದವು. ಆನೆಗೆ ಚಪ್ಪಲಿ ತೊಡಿಸಿದಂತೆ ಕಾಣುತ್ತದೆ ಎಂದು ನನಗೊಂದು ಕೊರಗು. ಫೀನಿಕ್ಸ್‌ನಲ್ಲಿ ಮನೆಯ ಹತ್ತಿರದ ಟೈರಿನಂಗಡಿಯಲ್ಲಿ ಅದಕ್ಕಿಂತ ದೊಡ್ಡದಾದ 31×10.50 ಆರ್15 ಹಾಕಿಸಿದೆ. ಚಂದ ಕಂಡಿತು, ಸುಳ್ಳು ಹೇಳಲಾರೆ.

ಹಳೆಯ ಟೈರು ಒಂದು ಮೈಲಿಗೆ ಸುಮಾರು 720 ಸುತ್ತು ಉರುಳುತ್ತಿತ್ತು, ಹೊಸದು 680. ಸ್ಪೀಡೋಮೀಟರಿಗೆ ರಸ್ತೆ ಕಾಣುವುದಿಲ್ಲ, ಅದು ಎಣಿಸುವುದು ಗೇರ್‌ಬಾಕ್ಸಿನ ಹಿಂದಿನ ಶಾಫ್ಟಿನ ಸುತ್ತುಗಳನ್ನು. ಹಾಗಾಗಿ ಮುಳ್ಳು 65 ತೋರಿಸುವಾಗ ಗಾಡಿ 69ರ ಹತ್ತಿರ ಓಡುತ್ತಿರುತ್ತದೆ. ನೂರು ಮೈಲಿ ಓಡಿದರೆ ಮೀಟರಿಗೆ ಏರುವುದು 94 ಮಾತ್ರ. ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ ಎಂದು ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಕುಡಿಯುತ್ತಿದ್ದದ್ದು ನಿಜ, ಆದರೆ ನಾನು ಎಣಿಸಿದಷ್ಟಲ್ಲ.

ಗೇರ್ ಬದಲಾಗುವ ಹೊತ್ತೂ ಹೀಗೆಯೇ ಜರುಗುತ್ತದೆ. ಈ ಗೇರ್‌ಬಾಕ್ಸಿನಲ್ಲಿ ಕಂಪ್ಯೂಟರ್ ಇಲ್ಲ. ಗೇರ್ ಯಾವಾಗ ಬದಲಾಗಬೇಕೆಂದು ಹೇಳಲು ಗವರ್ನರ್ ಎಂಬ ತಿರುಗುವ ತೂಕಗಳ ಸಾಧನವೊಂದಿದೆ, ಅದೂ ಶಾಫ್ಟಿನ ವೇಗವನ್ನೇ ನಂಬುತ್ತದೆ. ಟೈರು ದೊಡ್ಡದಾದರೆ ಅದೇ ಶಾಫ್ಟ್ ವೇಗಕ್ಕೆ ಗಾಡಿ ಹೆಚ್ಚು ಓಡಿರುತ್ತದೆ, ಮೇಲಿನ ಗೇರ್ ತಡವಾಗಿ ಬೀಳುತ್ತದೆ. ಆಕ್ಸಲ್ಲೇ 3.52 ಆದಂತೆ ಎಂಜಿನ್ ತಿಣುಕುತ್ತದೆ.

ಇದನ್ನು ಅಂಗಡಿಯವನಿಗೆ ಹೇಳಿದೆ. "ಅರ್ಧ ಗಂಟೆಯ ಕೆಲಸ, ಎರಡನ್ನೂ ಸರಿಮಾಡಿ ಕೊಡುತ್ತೇನೆ" ಎಂದ. ಅವನು ಟೈರಿನವನು, ಗೇರ್‌ಬಾಕ್ಸಿನವನಲ್ಲ ಎನ್ನುವುದು ನನಗೆ ಆಗಲೇ ಹೊಳೆಯಬೇಕಿತ್ತು.

ಸ್ಪೀಡೋಮೀಟರಿನ ಲೆಕ್ಕವನ್ನು ಅವನು ಸರಿಯಾಗಿಯೇ ಹಾಕಿದ. ಗೇರ್‌ಬಾಕ್ಸಿನ ಒಳಗಿನ ಡ್ರೈವ್ ಗೇರಿನ ಹಲ್ಲುಗಳನ್ನು ಆಕ್ಸಲ್ ರೇಷಿಯೊದಿಂದ ಗುಣಿಸಿ, ಮೈಲಿಗೆ ಟೈರು ಉರುಳುವ ಸುತ್ತುಗಳಿಂದ ಗುಣಿಸಿ, 1001ರಿಂದ ಭಾಗಿಸಬೇಕು. ನನ್ನ ಗಾಡಿಗೆ 15 × 3.73 × 720 ÷ 1001, ಅಂದರೆ ಸ್ಪೀಡೋಮೀಟರಿನ ಕೇಬಲ್ ತಿರುಗಿಸುವ ಗೇರಿಗೆ 40 ಹಲ್ಲು. ಹೊಸ ಟೈರಿಗೆ 38. ಅವನು 38 ಹಲ್ಲಿನ ಪ್ಲಾಸ್ಟಿಕ್ ಗೇರ್ ತಂದು, ಅದನ್ನು ಹಿಡಿದಿಡುವ ಕವಚವಾದ ಹಳೆಯ ಹೌಸಿಂಗಿಗೇ ತುರುಕಿದ. ಆ ಹೌಸಿಂಗಿನಲ್ಲಿ ಎರಡು ಜಾತಿಗಳಿವೆ, 34ರಿಂದ 39 ಹಲ್ಲಿನವರೆಗೆ ಒಂದು, 40ರಿಂದ 45ಕ್ಕೆ ಇನ್ನೊಂದು. ಗೇರಿಗಾಗಿ ಕೊರೆದ ತೂತು ಎರಡರಲ್ಲೂ ಒಂದೇ ಜಾಗದಲ್ಲಿ ಇರುವುದಿಲ್ಲ. ಚಿಕ್ಕ ಗೇರನ್ನು ದೊಡ್ಡದರ ಹೌಸಿಂಗಿನಲ್ಲಿ ಕೂರಿಸಿದರೆ ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿಕೊಳ್ಳುತ್ತವೆ. ಎರಡು ದಿನ ಮುಳ್ಳು ಚಳಿ ಹಿಡಿದಂತೆ ನಡುಗಿತು, ಮೂರನೆಯ ದಿನ ಸೊನ್ನೆಯ ಮೇಲೆ ಮಲಗಿತು. ಬಿಚ್ಚಿ ನೋಡಿದರೆ ಇಲಿ ಕಡಿದ ಕೊಬ್ಬರಿಯಂತಾಗಿತ್ತು. ಹಾಳಾಗಿ ಹೋಗಲಿ ಎಂದು ಮೊಬೈಲಿನ ಜಿಪಿಎಸ್ ನೋಡಿಕೊಂಡು ಓಡಿಸತೊಡಗಿದೆ. ಅಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ನಿಜವಾದ ಅನಾಹುತ ಬಾನೆಟ್ಟಿನ ಕೆಳಗೆ ನಡೆದಿತ್ತು. ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಇಳಿಯುವ ಒಂದು ಕೇಬಲ್ ಇದೆ. ಥ್ರಾಟಲ್ ವಾಲ್ವ್ ಕೇಬಲ್ ಎಂದು ಅದರ ಪೂರ್ತಿ ಹೆಸರು, ಎಲ್ಲರೂ ಟಿ.ವಿ. ಕೇಬಲ್ ಎನ್ನುತ್ತಾರೆ. ಗೇರ್ ತಡವಾಗುವುದನ್ನು ಸರಿಮಾಡಲು ಅಂಗಡಿಯವನು ಅದನ್ನು ಕಾಲಿಂಚಿನಷ್ಟು ಸಡಿಲ ಬಿಟ್ಟ. ತಕ್ಷಣ ಗೇರ್ ಬೇಗ ಬೀಳತೊಡಗಿತು, ಯಾವಾಗ ಬದಲಾಯಿತು ಎಂದು ತಿಳಿಯದಷ್ಟು ಮೆತ್ತಗೆ. ನಾನು ಅವನಿಗೆ ಇಪ್ಪತ್ತು ಡಾಲರ್ ಭಕ್ಷೀಸು ಬೇರೆ ಕೊಟ್ಟೆ.

ಆ ಕೇಬಲ್ಲಿನ ಕೆಲಸ ಗೇರ್ ಬದಲಾಗುವ ಹೊತ್ತನ್ನು ತಿದ್ದುವುದಷ್ಟೇ ಅಲ್ಲ. ನೀವು ಆಕ್ಸಿಲರೇಟರನ್ನು ಎಷ್ಟು ಒತ್ತಿದ್ದೀರಿ ಎಂದು ಗೇರ್‌ಬಾಕ್ಸಿಗೆ ತಿಳಿಸುವುದು ಅದೊಂದೇ. ಅದಕ್ಕೆ ತಕ್ಕಂತೆ ಒಳಗಿನ ಎಣ್ಣೆಯ ಒತ್ತಡ ಏರುತ್ತದೆ, ಆ ಒತ್ತಡವೇ ಕ್ಲಚ್ ಪ್ಲೇಟುಗಳನ್ನು ಬಿಗಿ ಹಿಡಿಯುತ್ತದೆ. ಕೇಬಲ್ ಸಡಿಲವಾದರೆ ನೀವು ಏರಿನಲ್ಲಿ ಒತ್ತಿ ತುಳಿದಿದ್ದರೂ ಗೇರ್‌ಬಾಕ್ಸ್ ಸಮತಟ್ಟಿನಲ್ಲಿ ತೇಲುತ್ತಿದ್ದೇನೆ ಎಂದುಕೊಳ್ಳುತ್ತದೆ. ಪ್ಲೇಟುಗಳು ಜಾರುತ್ತವೆ, ಸುಡುತ್ತವೆ. ನಾನು ಮೆಚ್ಚಿ ಭಕ್ಷೀಸು ಕೊಟ್ಟ ಆ ಮೆತ್ತನೆ, ಪ್ಲೇಟುಗಳು ಜಾರುತ್ತಿದ್ದ ಮೆತ್ತನೆ.

ಮೂರು ವಾರ ಕಳೆಯಿತು. ಮಗಳು ಫ್ಲಾಗ್‌ಸ್ಟಾಫ್‌ನಲ್ಲಿ ಓದುತ್ತಾಳೆ. ಅವಳ ಮೇಜು, ಹಾಸಿಗೆ ಹೇರಿಕೊಂಡು ಹೆಂಡತಿಯೊಡನೆ ಹೊರಟೆ. ಫೀನಿಕ್ಸ್ ಸಮುದ್ರಮಟ್ಟದಿಂದ ಮುನ್ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿದೆ, ಫ್ಲಾಗ್‌ಸ್ಟಾಫ್ ಎರಡು ಸಾವಿರದ ಮೇಲೆ. ಐ-17 ಹೆದ್ದಾರಿಯಲ್ಲಿ ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಕೂಡಲೇ ದೊಡ್ಡ ಏರು ಶುರುವಾಗುತ್ತದೆ. ಅರ್ಧ ಏರಿನಲ್ಲಿ ಎಂಜಿನ್ ಒಮ್ಮೆಲೇ ಚೀರಿತು, ಗಾಡಿ ಮಾತ್ರ ಹಿಂದೆ ಬಿತ್ತು. ಮೂರನೆಯ ಗೇರೂ ಇಲ್ಲ, ನಾಲ್ಕನೆಯದೂ ಇಲ್ಲ. ಈ ಗೇರ್‌ಬಾಕ್ಸಿನಲ್ಲಿ ಆ ಎರಡಕ್ಕೂ ಒಂದೇ ಕ್ಲಚ್ ಕಟ್ಟು, ಅದು ಹೋದರೆ ಎರಡೂ ಹೋದವು. ಲಿವರನ್ನು ಎರಡನೆಯ ಗೇರಿಗೆ ಎಳೆದು, ಅಪಾಯದ ದೀಪ ಹಾಕಿಕೊಂಡು, ಲಾರಿಗಳ ಬೈಗುಳದ ಹಾರನ್ ಕೇಳುತ್ತ ಸನ್‌ಸೆಟ್ ಪಾಯಿಂಟ್ ತಂಗುದಾಣದವರೆಗೆ ಕುಂಟಿಕೊಂಡು ಹೋದೆವು.

ಟೋ ಗಾಡಿಗೆ ಕಾಯುವಾಗ ಶಿವಮೊಗ್ಗಕ್ಕೆ ಫೋನ್ ಮಾಡಿದೆ. ಅಪ್ಪ ಹುಲಿಕಲ್ ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವರು, ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಕಣ್ಣಿನಿಂದಲೂ ಕಂಡವರಲ್ಲ. ಎಲ್ಲ ಕೇಳಿ, "ಎಣ್ಣೆ ಮೂಸಿ ನೋಡಿದೆಯಾ?" ಎಂದರು.

"ಇಲ್ಲ ಅಪ್ಪ."

"ಮೂರು ವಾರದಲ್ಲಿ ಒಂದು ಸಲವೂ ಕಡ್ಡಿ ಎಳೆದು ಮೂಸಲಿಲ್ಲವೇನೋ?"

ಎಳೆದೆ. ದಾಳಿಂಬೆ ರಸದಂತೆ ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನಂತಾಗಿತ್ತು. ವಾಸನೆ ತಳ ಹತ್ತಿದ ಪಾತ್ರೆಯದು. ಆಮೇಲೆ ಗೇರ್‌ಬಾಕ್ಸಿನ ನಿಜವಾದ ಮೇಸ್ತ್ರಿ ಅದರ ಅಡಿಯ ಎಣ್ಣೆ ಪ್ಯಾನ್ ಬಿಚ್ಚಿದಾಗ ತಳದಲ್ಲಿ ಕಪ್ಪು ಕೆಸರು ಕುಳಿತಿತ್ತು.

ಕೇಬಲ್ ಸರಿಯಾಗಿ ಕೂರಿಸುವುದು ಹೇಗೆ ಎಂದು ಆ ಮೇಸ್ತ್ರಿಯೇ ತೋರಿಸಿದರು. ಎಂಜಿನ್ ಆಫ್ ಇರಬೇಕು. ಹೊಂದಿಸುವ ಭಾಗದಲ್ಲಿರುವ ಗುಂಡಿ ಒತ್ತಿ ಹಿಡಿದು, ಜಾರುವ ತುಂಡನ್ನು ಕಾರ್ಬ್ಯುರೇಟರಿನಿಂದ ದೂರಕ್ಕೆ ಪೂರ್ತಿ ತಳ್ಳಿ, ಗುಂಡಿ ಬಿಡಬೇಕು. ಆಮೇಲೆ ಥ್ರಾಟಲ್ ಲಿವರನ್ನು ಕೈಯಿಂದಲೇ ಕೊನೆಯವರೆಗೆ ತೆರೆದರೆ ಟಿಕ್ ಟಿಕ್ ಎಂದು ಅದೇ ತನ್ನ ಜಾಗಕ್ಕೆ ಬರುತ್ತದೆ. ಅಲ್ಲಿಂದ ಮುಂದೆ ಅದನ್ನು ಮುಟ್ಟುವುದಿದ್ದರೆ ಒತ್ತಡದ ಗೇಜ್ ಹಚ್ಚಿ ನೋಡಿಯೇ ಮುಟ್ಟಬೇಕು. ಬಿಗಿಯಾದರೆ ಗೇರ್ ತಡವಾಗಿ ಒದ್ದು ಬೀಳುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ಸಡಿಲವಾಗಿದ್ದರೆ ಓಡಿಸಲೇಬೇಡಿ. ಗೇರ್ ಬೀಳುವ ಹೊತ್ತು ಸರಿಹೋಗಬೇಕೆಂದರೆ ಗವರ್ನರಿನ ತೂಕ, ಸ್ಪ್ರಿಂಗ್ ಬದಲಿಸಿ. ಇಲ್ಲವೇ ಆಕ್ಸಲ್ಲಿಗೆ 4.10 ಹಾಕಿಸಿ.

ನಾನು ಈಗ ಆ 4.10ಕ್ಕೆ ದುಡ್ಡು ಕೂಡಿಸುತ್ತಿದ್ದೇನೆ. ಸದ್ಯಕ್ಕೆ 34–39ರ ಹೌಸಿಂಗ್ ತಂದು 38ರ ಗೇರನ್ನು ಸರಿಯಾಗಿ ಕೂರಿಸಿದ್ದೇನೆ, ಮುಳ್ಳು ಮತ್ತೆ ನೆಟ್ಟಗಿದೆ. ಮೊನ್ನೆ ಕುತೂಹಲಕ್ಕೆ ಅದೇ ಲೆಕ್ಕವನ್ನು 4.10 ಇಟ್ಟು ಹಾಕಿದೆ: 42 ಹಲ್ಲು. ಅಂದರೆ ಮತ್ತೆ ಹಳೆಯ ಹೌಸಿಂಗೇ ಬೇಕು. ಕಸದ ಬುಟ್ಟಿಗೆ ಎಸೆದಿದ್ದೆ, ಹೆಂಡತಿ ಎತ್ತಿಟ್ಟಿದ್ದಾಳೆ.