ಹಳೇ ಯೆಜ್ಡಿಗೆ ಯಾವ ಹಿಂದಿನ ಶಾಕ್? ಮೂರನ್ನೂ ಕೊಡಗಿನ ರಸ್ತೆಯಲ್ಲಿ ಓಡಿಸಿ ನೋಡಿದೆ

ನಮ್ಮ ಕಡೆ ಹಳೇ ಯೆಜ್ಡಿ ಬೈಕ್ ಇಟ್ಟುಕೊಂಡವರು ಎಂಜಿನ್‌ಗೆ, ಪೇಂಟ್‌ಗೆ ಧಾರಾಳವಾಗಿ ಖರ್ಚು ಮಾಡುತ್ತಾರೆ. ಹಿಂದಿನ ಶಾಕ್ ಅಬ್ಸಾರ್ಬರ್ ಮಾತ್ರ ಕೊನೆಗೆ ನೆನಪಾಗುತ್ತದೆ. ತೋಟದ ಕಲ್ಲುದಾರಿಯಲ್ಲಿ ಮೊದಲು ಏಟು ತಿನ್ನುವುದೇ ಅದು ಅಲ್ವಾ?

ನಿಮ್ಮದು ಹೇಗಿದೆ ಎಂದು ತಿಳಿಯಲು ಸೀಟಿನ ಹಿಂಭಾಗ ಜೋರಾಗಿ ಒತ್ತಿ ಬಿಡಿ. ಒಮ್ಮೆ ಮೇಲೆ ಬಂದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಶಾಕ್ ಒಳಗಿನ ಆಯಿಲ್ ಖಾಲಿಯಾಗಿದೆ. ಭಾರ ಹೊರುವುದು ಸ್ಪ್ರಿಂಗ್, ಕುಣಿತ ತಡೆಯುವುದು ಆಯಿಲ್.

ನನ್ನ ಯೆಜ್ಡಿ 250ಕ್ಕೆ ಮೂರು ದಾರಿ ಇತ್ತು. ಹಳೇ ಶಾಕ್ ರಿಪೇರಿ, ಅದೇ ಅಳತೆಯ ಹೊಸ ಜೋಡಿ, ಇಲ್ಲವೇ ಈಗಿನ ಬೈಕಿನ ಗ್ಯಾಸ್ ಶಾಕ್. ಮೂರನ್ನೂ ಹಾಕಿ ವಿರಾಜಪೇಟೆ–ಮೂರ್ನಾಡು–ಮಡಿಕೇರಿ ರಸ್ತೆಯಲ್ಲೂ ತೋಟದ ದಾರಿಯಲ್ಲೂ ಓಡಿಸಿದೆ.

ಅಂಗಡಿಯ ಹೊಸ ಜೋಡಿ ಎಲ್ಲಕ್ಕಿಂತ ಸುಲಭ. ಬೋಲ್ಟ್ ಬಿಚ್ಚು, ಹಾಕು, ಹೊರಡು. ನೋಡಲೂ ಚೆಂದ. ಆದರೆ ನಾನು ತಂದ ಜೋಡಿಯಲ್ಲಿ ಒಂದನ್ನು ಕೈಯಲ್ಲಿ ಒತ್ತಿದರೆ ಬಿಗಿ, ಇನ್ನೊಂದು ಸಡಿಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎರಡೂ ಸಡಿಲವಾದವು. ಬೈಕ್ ಅರ್ಜೆಂಟಾಗಿ ಓಡಬೇಕಿದ್ದರೆ ಸಾಕು, ಅಷ್ಟೇ.

ಗ್ಯಾಸ್ ಶಾಕ್ ಒಳ್ಳೆಯ ವಸ್ತು, ಅದರಲ್ಲಿ ಎರಡು ಮಾತಿಲ್ಲ. ಒಳಗಿನ ನೈಟ್ರೋಜನ್ ಒತ್ತಡದಿಂದ ಆಯಿಲ್ ಬೇಗ ನೊರೆಯಾಗುವುದಿಲ್ಲ. ಸಂಪಾಜೆ ಘಾಟಿ ಇಳಿಯುವಾಗ ತಿರುವಿನಲ್ಲಿ ಬೈಕ್ ಅಲ್ಲಾಡದೆ ನಿಂತಿತು. ತೋಟದೊಳಗೆ ಒಬ್ಬನೇ ಹೋದರೆ ಮಾತ್ರ ಸೊಂಟಕ್ಕೆ ಏಟು, ಏಕೆಂದರೆ ಆ ಸ್ಪ್ರಿಂಗ್ ಇನ್ನೂ ಭಾರದ ಬೈಕಿನದು. ಕೊಳ್ಳುವ ಮುಂಚೆ ಶಾಕ್‌ನ ಮೇಲಿನ ಕಣ್ಣಿನ (ಬೋಲ್ಟ್ ತೂರುವ ತೂತಿನ) ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗೆ ಅಳೆಯಿರಿ. ಗಿಡ್ಡವಾದರೆ ಟೈರ್ ಮಡ್‌ಗಾರ್ಡಿಗೆ ತಾಗುತ್ತದೆ. ಉದ್ದವಾದರೆ ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಚಕ್ರ ನೆಲ ಬಿಡುವುದಿಲ್ಲ.

ನನ್ನ ಮನಸ್ಸು ಒಪ್ಪಿದ್ದು ಹಳೇ ಶಾಕ್ ರಿಪೇರಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಬೈಕ್ ಮಾಡಲು ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಆದರೂ ಅಲ್ಲಿನ ಶಾಕ್‌ಗೆ ಇವತ್ತೂ ಜೀವ ಬರುತ್ತದೆ, ಏಕೆಂದರೆ ಅದನ್ನು ಬಿಚ್ಚಬಹುದು. ನನ್ನದರಲ್ಲಿ ಒಂದರೊಳಗೆ ಒಂದೆರಡು ಚಮಚ ಕಪ್ಪು ರಾಡಿ ಉಳಿದಿತ್ತು, ಇನ್ನೊಂದು ಪೂರ್ತಿ ಒಣಗಿತ್ತು. ಶಾಕ್ ಒಳಗೆ ಹೊರಗೆ ಜಾರುವ ರಾಡ್ ಒರೆಸಿ ಉಗುರು ಆಡಿಸಿದರೆ ತುಕ್ಕು ತಿಂದ ಸಣ್ಣ ಸಣ್ಣ ಗುಳಿಗಳು ಸಿಕ್ಕುತ್ತಿದ್ದವು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತ ಬೈಕಿಗೆ ಇದು ಮಾಮೂಲು. "ರಾಡ್ ನೋಡದೆ ಸುಮ್ನೆ ಸೀಲ್ ಹಾಕ್ಬೇಡಿ ಸಾರ್" ಎಂದರು ಮೆಕ್ಯಾನಿಕ್. ನಿಜ, ಆ ಗುಳಿಗಳು, ಆಯಿಲ್ ಸೋರದಂತೆ ತಡೆಯುವ ಹೊಸ ಸೀಲಿನ ತುಟಿಯನ್ನು ಕೆರೆದು ಹಾಕುತ್ತವೆ. ಮೈಸೂರಿನಲ್ಲಿ ರಾಡ್‌ಗೆ ಹಾರ್ಡ್ ಕ್ರೋಮ್ ಹಾಕಿಸಿ, ಗ್ರೈಂಡ್ ಮಾಡಿಸಿ, ಅಳತೆ ನೋಡಿ ಸೀಲ್ ಕೂರಿಸಿದ್ದಾಯಿತು. ರಾಡ್ ಬಗ್ಗಿದ್ದರೆ ಮಾತ್ರ ಈ ದಾರಿ ಬಿಟ್ಟುಬಿಡಿ.

ಆಯಿಲ್ ವಿಷಯದಲ್ಲಿ ಅವಸರ ಬೇಡ. ಕಂಠಪೂರ್ತಿ ತುಂಬಿದರೆ ರಾಡ್ ಒಳಗೆ ಇಳಿಯಲು ಜಾಗ ಇರುವುದಿಲ್ಲ. ಆಯಿಲ್ ಅದುಮಿದರೆ ಕುಗ್ಗದು. ದೊಡ್ಡ ಹೊಂಡಕ್ಕೆ ಬಿದ್ದಾಗ ಸೀಲೇ ಕಿತ್ತು ಬರುತ್ತದೆ. ಎರಡಕ್ಕೂ ಅಳೆದು ಒಂದೇ ಸಮ ಹಾಕಬೇಕು. ಗಟ್ಟಿ ಆಯಿಲ್ ಹಾಕಿದಷ್ಟೂ ಶಾಕ್ ಬಿಗಿ. ನಮ್ಮ ಬೆಳಗಿನ ಚಳಿಯಲ್ಲಿ ಅದು ಇನ್ನೂ ಜಾಸ್ತಿ. ನಾನು ತೆಳುವಾದ ಫೋರ್ಕ್ ಆಯಿಲ್ (ಮುಂದಿನ ಶಾಕ್‌ಗೆ ಹಾಕುವ ಆಯಿಲ್) ಆರಿಸಿಕೊಂಡೆ. ಹಾಕಿದ ಮೇಲೆ ನೆಟ್ಟಗೆ ಹಿಡಿದು, ಗಾಳಿಯ ಚೊಳ್ ಚೊಳ್ ಸದ್ದು ನಿಲ್ಲುವ ತನಕ ಕೈಯಲ್ಲೇ ಪಂಪ್ ಮಾಡಬೇಕು.

ಖರ್ಚು ಹೊಸ ಜೋಡಿಗಿಂತ ಜಾಸ್ತಿಯೇ ಆಯಿತು, ಕಾಯುವುದೂ ಇತ್ತು. ಆದರೆ ಮೂರ್ನಾಡು ರಸ್ತೆಯ ಹೊಂಡಗಳ ಮೇಲೆ ಹಿಂದಿನ ಚಕ್ರ ನೆಲ ಬಿಡದೆ ಮೆತ್ತಗೆ ಹೋಗುತ್ತದೆ. ಹಿಂದೆ ಕೂತ ನನ್ನ ಹೆಂಡತಿ ಮೊದಲ ಸಲ ಬೆನ್ನು ನೋವಿನ ಮಾತೆತ್ತಲಿಲ್ಲ. ಬೈಕಿನ ಮೂಲ ರೂಪವೂ ಉಳಿಯಿತು. ದಿನಾ ಹೈವೇ ಓಡಿಸುವವರಾದರೆ ಗ್ಯಾಸ್ ಶಾಕ್ ಹಾಕಿಸಿ, ತಪ್ಪಿಲ್ಲ. ತೋಟ, ಸಂತೆ, ಘಾಟಿ ಎಂದು ಓಡಾಡುವವರಿಗೆ ಹಳೆಯದನ್ನೇ ರಿಪೇರಿ ಮಾಡಿಸಿ ಎನ್ನುತ್ತೇನೆ.

ಯಾವುದನ್ನೇ ಹಾಕಿ, ಶಾಕ್ ಬಿಚ್ಚಿರುವಾಗಲೇ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ಕವಲು) ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಮೊದಲು ಅದರ ಬುಷ್ (ಅದು ತಿರುಗುವ ಕಡೆ ಇರುವ ಕೊಳವೆ) ಬದಲಾಯಿಸಿ.